ಮೂವತ್ತೈದು ದಾಟಿದ ವೇಗಿಯನ್ನು ತಂಡಕ್ಕೆ ತೆಗೆದುಕೊಳ್ಳಬಹುದೇ?

ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯುತ್ತಿದ್ದಂತೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಕ್ರಿಕೆಟ್ ಕ್ಲಬ್‌ಗಳಲ್ಲಿ ಟೂರ್ನಿಗಳ ಲೆಕ್ಕಾಚಾರ ಶುರುವಾಗುತ್ತದೆ. ಆಗ ಕ್ಲಬ್ಬಿನ ಕಾರ್ಯದರ್ಶಿಗೆ ಒಂದು ಫೋನ್ ಬಂದೇ ಬರುತ್ತದೆ. ‘ಅಣ್ಣ ಈ ಸಲ ಬೆಂಗಳೂರಿನ ಕ್ಲಬ್ ಬಿಟ್ಟಿದ್ದಾರೆ. ಒಂದು ಕಾಲಕ್ಕೆ ಫಸ್ಟ್ ಡಿವಿಷನ್ ಆಡಿದವರು. ನೀವು ಕರೆದರೆ ಬರ್ತಾರೆ, ಏನಂತೀರಿ?’

ಅವತ್ತು ಸಂಜೆ ಮೈದಾನದ ಕಟ್ಟೆಯ ಮೇಲೆ ತಂಡ ಎರಡು ಪಾಲಾಗುತ್ತದೆ. ಅವರ ಬೌಲಿಂಗ್ ಕಂಡವರು ‘ಕಣ್ಣುಮುಚ್ಚಿ ಕರೆಸಿ’ ಎನ್ನುತ್ತಾರೆ. ಉಳಿದವರು ‘ವಯಸ್ಸಾಯ್ತಲ್ಲ, ನಮ್ಮ ಹುಡುಗರೇ ಸಾಕು’ ಎನ್ನುತ್ತಾರೆ. ಒಬ್ಬರು ಹೆಸರು ಹಿಡಿದು ಮಾತಾಡುತ್ತಾರೆ, ಇನ್ನೊಬ್ಬರು ವಯಸ್ಸು ಹಿಡಿದು. ಇವೆರಡರಿಂದಲೂ ನಿರ್ಧಾರ ಆಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೌಲರ್ ಹಿಂದೆ ಎಷ್ಟು ವಿಕೆಟ್ ತೆಗೆದಿದ್ದಾರೆ ಎಂಬುದು ಅವರ ಗೌರವಕ್ಕೆ ಸಂಬಂಧಿಸಿದ್ದು. ನಿಮ್ಮ ತಂಡಕ್ಕೆ ಬೇಕಾಗಿರುವುದು ಬೇರೆ ಎರಡು ಸಂಗತಿ: ಮೊದಲ ಸ್ಪೆಲ್ ಮುಗಿದ ಮೇಲೆ ಅವರಲ್ಲಿ ಏನು ಉಳಿದಿರುತ್ತದೆ? ಶನಿವಾರ ಆಡಿದವರು ಭಾನುವಾರ ಹೇಗಿರುತ್ತಾರೆ?

ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದುರೆಗಳ ಸ್ಟಡ್ ಫಾರ್ಮ್‌ಗೆ ಹೆಸರಾದ ಊರು ಅದು. ಕುದುರೆಯ ವಂಶ ಎಷ್ಟೇ ದೊಡ್ಡದಾಗಿದ್ದರೂ ಕಾಲು ಮುಟ್ಟಿ ನೋಡದೆ ಯಾರೂ ದುಡ್ಡು ಬಿಚ್ಚುವುದಿಲ್ಲ.

ವಯಸ್ಸು ಏನನ್ನು ಕಸಿಯುತ್ತದೆ, ಏನನ್ನು ಬಿಡುತ್ತದೆ

ವೇಗದ ಬೌಲರ್ ಚೆಂಡು ಬಿಡುವುದಕ್ಕೆ ತುಸು ಮುಂಚೆ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುತ್ತದೆ. ಆಗ ಆ ಕಾಲಿನ ಮೇಲೆ ಬೀಳುವ ಹೊರೆ ದೇಹದ ತೂಕದ ನಾಲ್ಕೈದು ಪಟ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು. ಎಪ್ಪತ್ತೈದು ಕೆ.ಜಿ. ತೂಕದವರಾದರೆ ಒಂದೊಂದು ಎಸೆತಕ್ಕೂ ಮೂರು ಕ್ವಿಂಟಲ್‌ನಷ್ಟು. ಎಂಟು ಓವರ್ ಹಾಕಿದರೆ ನಲವತ್ತೆಂಟು ಸಲ. ನಮ್ಮ ಕಡೆಯ ಮೈದಾನಗಳು ಹೇಳಿಕೇಳಿ ಬಿಸಿಲಿಗೆ ಕಾದು ಗಟ್ಟಿಯಾದ ಕೆಂಪು ಮಣ್ಣಿನವು, ಹುಲ್ಲು ಕಡಿಮೆ. ಆ ಹೊರೆಯನ್ನು ನೆಲ ಹೀರಿಕೊಳ್ಳುವುದಿಲ್ಲ. ಹಿಮ್ಮಡಿ, ಮೊಣಕಾಲು, ಸೊಂಟ ಹೀರಿಕೊಳ್ಳಬೇಕು.

ಇಪ್ಪತ್ತರ ಹುಡುಗನ ದೇಹ ಈ ಪೆಟ್ಟನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತದೆ. ಮೂವತ್ತೈದರ ನಂತರ ಅದೇ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಸ್ಫೋಟಕ ಶಕ್ತಿ ಕೊಡುವ ಸ್ನಾಯುತಂತುಗಳು ಕ್ರಮೇಣ ಕ್ಷೀಣಿಸುತ್ತವೆ, ಸ್ನಾಯುರಜ್ಜುಗಳು ಮೊದಲಿನಂತೆ ಪುಟಿಯುವುದಿಲ್ಲ. ಗಾಯಗಳ ಬಗೆಯೂ ಬದಲಾಗುತ್ತದೆ. ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು ಬಿಡುವ ತೊಂದರೆ ಹೆಚ್ಚಾಗಿ ಕಾಡುವುದು ಎಳೆಯ ಬೌಲರ್‌ಗಳನ್ನು. ಹಿರಿಯರಿಗೆ ಕೈಕೊಡುವುದು ತೊಡೆಯ ಹಿಂಭಾಗ, ಮೀನಖಂಡ, ತೊಡೆಸಂದು, ಭುಜ. ಜನ ವೇಗ ಹೋಯಿತೇ ಎಂದು ನೋಡುತ್ತಾರೆ. ಆದರೆ ಮೊದಲು ಕೈಬಿಡುವುದು ಚೇತರಿಸಿಕೊಳ್ಳುವ ಶಕ್ತಿ. ವೇಗ ಅದರ ಹಿಂದೆ ಹೋಗುತ್ತದೆ.

ಹೋಗದೆ ಉಳಿಯುವಂಥದ್ದೂ ಬೇಕಾದಷ್ಟಿದೆ. ಸೀಮ್ ನೆಟ್ಟಗೆ ಬೀಳಿಸುವ ಮಣಿಕಟ್ಟು, ಬ್ಯಾಟ್ಸ್‌ಮನ್ ಕಾಲಿನ ಚಲನೆ ನೋಡಿ ಲೆಂತ್ ಬದಲಿಸುವ ಕಣ್ಣು, ಯಾವ ಫೀಲ್ಡರನ್ನು ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ ಇವು ಮೂವತ್ತರ ನಂತರವೇ ಮಾಗುವುದು. ನೀವು ದುಡ್ಡು ಕೊಡುತ್ತಿರುವುದು ಇದಕ್ಕೇ ಎಂಬುದು ಸ್ಪಷ್ಟವಿದ್ದರೆ ಮುಂದಿನ ಲೆಕ್ಕ ಸುಲಭ.

ಕಂಡ ಉದಾಹರಣೆಗಳು

ದಾವಣಗೆರೆಯ ಆರ್. ವಿನಯ್ ಕುಮಾರ್ ಅವರದ್ದು ಈ ಪ್ರಶ್ನೆಗೆ ತೀರಾ ಹತ್ತಿರದ ಪ್ರಕರಣ. ನಾಯಕರಾಗಿ 2013–14 ಮತ್ತು 2014–15ರಲ್ಲಿ ಕರ್ನಾಟಕಕ್ಕೆ ಎರಡು ರಣಜಿ ಟ್ರೋಫಿ ತಂದವರು. 2017ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ತೆಗೆದಾಗ ಅವರಿಗೆ 33. ಎರಡು ವರ್ಷ ಕಳೆಯುವಷ್ಟರಲ್ಲಿ ಕರ್ನಾಟಕದಲ್ಲಿ ಹೊಸ ಹುಡುಗರ ಸಾಲು ಬೆಳೆದಿತ್ತು. 2019–20ಕ್ಕೆ ಅವರು ಪುದುಚೇರಿಗೆ ಅತಿಥಿ ಆಟಗಾರರಾಗಿ ಹೋದರು. ಆ ಒಂದೇ ರಣಜಿ ಋತುವಿನಲ್ಲಿ 45 ವಿಕೆಟ್ ಕಿತ್ತರು. 2021ರ ಫೆಬ್ರುವರಿಯಲ್ಲಿ ನಿವೃತ್ತರಾದರು.

ಇದರಲ್ಲಿ ಕಲಿಯುವುದು ಬಹಳ ಇದೆ. ಅವರು ಎಂದೂ ಭಾರಿ ವೇಗ ನಂಬಿದವರಲ್ಲ, ಸ್ವಿಂಗ್ ಮತ್ತು ನಿಖರತೆ ನಂಬಿದವರು. ಹಾಗಾಗಿ ವಯಸ್ಸು ಅವರಿಂದ ಕಸಿದುಕೊಂಡದ್ದು ಕಡಿಮೆ. ಪುದುಚೇರಿ ಆಗ ಪ್ಲೇಟ್ ಗುಂಪಿನಲ್ಲಿತ್ತು, ಎದುರಾಳಿಗಳಲ್ಲಿ ಹೆಚ್ಚಿನವು ಹೊಸ ತಂಡಗಳು. ಕರ್ನಾಟಕದಂಥ ತಂಡಕ್ಕೆ ಅವರ ಜಾಗ ತುಂಬಬಲ್ಲ ಹುಡುಗರಿದ್ದರು, ಪುದುಚೇರಿಗೆ ಇರಲಿಲ್ಲ. ಒಬ್ಬರೇ ಬೌಲರನ್ನು ಒಂದು ತಂಡ ಬಿಟ್ಟದ್ದೂ ಇನ್ನೊಂದು ತಂಡ ಕರೆದದ್ದೂ ಎರಡೂ ಸರಿಯೇ. ನಿಮ್ಮ ತಂಡ ಇವೆರಡರಲ್ಲಿ ಯಾವುದರ ಸ್ಥಿತಿಯಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಮೈಸೂರಿನ ಜಾವಗಲ್ ಶ್ರೀನಾಥ್ ಅವರದ್ದು ಎರಡೂ ಮುಖ ತೋರಿಸುವ ಕಥೆ. ಟೆಸ್ಟ್ ಕ್ರಿಕೆಟ್ ಬಿಡುವುದಾಗಿ ಹೇಳಿದ್ದವರನ್ನು ನಾಯಕ ಸೌರವ್ ಗಂಗೂಲಿ ಒಪ್ಪಿಸಿ ಉಳಿಸಿಕೊಂಡರು. 2003ರ ವಿಶ್ವಕಪ್‌ನಲ್ಲಿ 33ರ ವಯಸ್ಸಿನಲ್ಲಿ ಅವರು 16 ವಿಕೆಟ್ ತೆಗೆದರು. ಭಾರತ ಫೈನಲ್ ತಲುಪಿದ್ದರಲ್ಲಿ ಆ ವಿಕೆಟ್‌ಗಳ ಪಾಲು ದೊಡ್ಡದು. ಫೈನಲ್‌ನಲ್ಲಿ ಮಾತ್ರ 10 ಓವರಿಗೆ 87 ರನ್, ವಿಕೆಟ್ ಇಲ್ಲ. ಇಡೀ ಟೂರ್ನಿ ಹೊತ್ತು ತಂದ ಬೌಲರ್‌ಗೂ ಒಂದು ಕೆಟ್ಟ ದಿನ ಬರುತ್ತದೆ. ಹುಡುಗನಾದರೆ ಅಂಥ ದಿನ ಇನ್ನೂ ಸ್ವಲ್ಪ ಜೋರಾಗಿ ಹಾಕಿ ನೋಡಬಹುದು. ಹಿರಿಯರಿಗೆ ಆ ಹೆಚ್ಚುವರಿ ಗೇರ್ ಇರುವುದಿಲ್ಲ. ಅಂಥ ದಿನಕ್ಕೆ ಕ್ಯಾಪ್ಟನ್ ಬಳಿ ಇನ್ನೊಬ್ಬ ಬೌಲರ್ ಇರಲೇಬೇಕು.

ಹೊಸ ಉದಾಹರಣೆ ಎಲ್ಲರಿಗೂ ನೆನಪಿದೆ. 2025ರಲ್ಲಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದಾಗ ವೇಗದ ಬೌಲಿಂಗ್ ನಿಂತದ್ದು 34ರ ಜೋಶ್ ಹೇಝಲ್‌ವುಡ್ ಮತ್ತು 35ರ ಭುವನೇಶ್ವರ್ ಕುಮಾರ್ ಮೇಲೆ. ಹರಾಜಿನಲ್ಲಿ ಒಬ್ಬರಿಗೆ 12.50 ಕೋಟಿ, ಇನ್ನೊಬ್ಬರಿಗೆ 10.75 ಕೋಟಿ ಕೊಟ್ಟಾಗ ಹುಬ್ಬೇರಿಸಿದವರು ಕಡಿಮೆ ಇರಲಿಲ್ಲ. ಹೇಝಲ್‌ವುಡ್ 12 ಪಂದ್ಯದಲ್ಲಿ 22 ವಿಕೆಟ್ ತೆಗೆದರು. ನಡುವೆ ಭುಜದ ನೋವಿನಿಂದ ಹೊರಗುಳಿದದ್ದೂ ಉಂಟು. ತಂಡ ಅವರನ್ನು ಆತುರಪಟ್ಟು ಇಳಿಸಲಿಲ್ಲ. ಮೇ 29ರ ಮೊದಲ ಕ್ವಾಲಿಫೈಯರ್‌ಗೆ ಮರಳಿ 21 ರನ್‌ಗೆ 3 ವಿಕೆಟ್ ಕಿತ್ತರು. ನಾಲ್ಕೇ ಓವರಿನ ಕೆಲಸ, ಸಾಕಷ್ಟು ವಿಶ್ರಾಂತಿ, ಪಕ್ಕದಲ್ಲಿ ಬೇರೆ ಬೌಲರ್‌ಗಳು ಈ ಮೂರೂ ಇದ್ದಲ್ಲಿ ಹಿರಿಯ ವೇಗಿ ಫಲ ಕೊಡುತ್ತಾರೆ.

ಅನಿಲ್ ಕುಂಬ್ಳೆ 38ರಲ್ಲಿ, ಟೆಸ್ಟ್‌ನಿಂದ ನಿವೃತ್ತರಾದ ಮೇಲೆ, 2009ರ ಐಪಿಎಲ್‌ನಲ್ಲಿ ರಾಜಸ್ಥಾನದ ವಿರುದ್ಧ 5 ರನ್‌ಗೆ 5 ವಿಕೆಟ್ ತೆಗೆದದ್ದನ್ನು ಈ ಚರ್ಚೆಗೆ ಎಳೆದು ತರಬೇಡಿ. ಸ್ಪಿನ್ನರ್‌ಗಳ ಲೆಕ್ಕ ಬೇರೆ. ಅವರ ಮುಂಗಾಲಿನ ಮೇಲೆ ಇಷ್ಟು ಹೊರೆ ಬೀಳುವುದೇ ಇಲ್ಲ. ನಿಮಗೆ ಸಿಗುತ್ತಿರುವವರು ಸ್ಪಿನ್ನರ್ ಆದರೆ ಮುಂದೆ ಹೇಳಿರುವ ಎಚ್ಚರಿಕೆಗಳಲ್ಲಿ ಅರ್ಧ ಬಿಟ್ಟುಬಿಡಬಹುದು.

ಮ್ಯಾಟಿಂಗ್‌ನಲ್ಲಿ ಒಂದು ಬೆಲೆ, ಟೆನಿಸ್ ಬಾಲ್‌ನಲ್ಲಿ ಇನ್ನೊಂದು

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಯಾವ ಚೆಂಡು, ಯಾವ ಪಿಚ್ ಎಂಬುದರಲ್ಲೇ ಇದೆ. ಕಾರ್ಯದರ್ಶಿಗಳು ಇದನ್ನೇ ಕೇಳದೆ ಮುಂದುವರಿಯುತ್ತಾರೆ.

ತೆಂಗಿನ ನಾರಿನ ಮ್ಯಾಟ್ ಹಾಸಿ ಲೆದರ್ ಬಾಲ್‌ನಲ್ಲಿ ಆಡುವ ಪಂದ್ಯವಾದರೆ ಹಿರಿಯ ವೇಗಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾರಿನ ಒರಟು ಮೈ ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಬೆರಳು ಸೀಮ್‌ನ ಮೇಲೆ ಓರೆಯಾಗಿ ಎಳೆದು ಬಿಟ್ಟ ಕಟ್ಟರ್ ಅಲ್ಲಿ ಬಿದ್ದರೆ ಮಾಮೂಲಿ ಪಿಚ್‌ಗಿಂತ ಹೆಚ್ಚು ತಿರುಗುತ್ತದೆ, ಎದ್ದೂ ಬರುತ್ತದೆ. ಹತ್ತು ಕಿ.ಮೀ. ವೇಗ ಕಳೆದುಕೊಂಡಿದ್ದರೂ ಗುಡ್ ಲೆಂತ್‌ನಲ್ಲಿ ಆಫ್ ಸ್ಟಂಪ್ ಆಚೆ ಎರಡು ಬಗೆಯ ಕಟ್ಟರ್ ಹಾಕಬಲ್ಲವರು ಅಲ್ಲಿ ಬ್ಯಾಟ್ಸ್‌ಮನ್‌ಗಳ ನಿದ್ದೆ ಕೆಡಿಸುತ್ತಾರೆ. ಮ್ಯಾಟ್‌ನ ಅಡಿಯ ನೆಲ ಮಾತ್ರ ಕಲ್ಲಿನಷ್ಟು ಗಟ್ಟಿ. ಮೊಣಕಾಲಿನ ಲೆಕ್ಕ ಮರೆಯಬೇಡಿ. ಮ್ಯಾಟ್ ಸಡಿಲವಾಗಿ ಮಡಿಕೆ ಬಿದ್ದಿದ್ದರೆ ಕಾಲು ಸಿಕ್ಕಿಕೊಂಡು ಪಾದ ತಿರುಚುತ್ತದೆ. ಪಂದ್ಯದ ದಿನ ನಾಲ್ಕೂ ಕಡೆ ಮೊಳೆ ಬಿಗಿಯಾಗಿದೆಯೇ ಎಂದು ನೀವೇ ತುಳಿದು ನೋಡಿ.

ಟೆನಿಸ್ ಬಾಲ್ ಟೂರ್ನಿಗೆ ಅವರನ್ನು ಕರೆಯುವ ಮುನ್ನ ಎರಡು ಸಲ ಯೋಚಿಸಿ. ಚೆಂಡು ಹಗುರ, ಸೀಮ್ ಇಲ್ಲ, ಕಟ್ಟರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೈಬೀಸಿನ ವೇಗವೇ ಅಲ್ಲಿ ಬಂಡವಾಳ, ಹಿರಿಯರಲ್ಲಿ ಕಡಿಮೆಯಾಗಿರುವುದೂ ಅದೇ. ಹಗುರ ಚೆಂಡನ್ನು ಜೋರಾಗಿ ಬೀಸಿ ಬೀಸಿ ಭುಜ, ಮೊಣಕೈ ಹಿಡಿದುಕೊಳ್ಳುತ್ತವೆ. ಬೌಂಡರಿ ಹತ್ತಿರವಿರುವ, ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ಸಾಗುವ ಆರು-ಎಂಟು ಓವರಿನ ಪಂದ್ಯಗಳಲ್ಲಿ ಒಂದೇ ದಿನ ಮೂರು ಮ್ಯಾಚ್ ಬಿದ್ದರೂ ಬೀಳಬಹುದು. ಯಾರ್ಕರ್ ಮತ್ತು ನಿಧಾನದ ಎಸೆತ ಎರಡೂ ಕೈಯಲ್ಲಿ ಗಟ್ಟಿಯಾಗಿರುವವರನ್ನು ಬಿಟ್ಟರೆ ನನ್ನ ಉತ್ತರ ಬೇಡ ಎಂದೇ.

ಮಾತು ಕೊಡುವ ಮೊದಲು ನೋಡಬೇಕಾದ್ದು

1. ಕಳೆದ ಮೂರು ತಿಂಗಳಲ್ಲಿ ಎಷ್ಟು ಓವರ್ ಹಾಕಿದ್ದಾರೆ ಕೇಳಿ. ಇದೊಂದು ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು. ವಾರಕ್ಕೆ ಹತ್ತು ಹನ್ನೆರಡು ಓವರ್ ಬಿಡದೆ ಹಾಕುತ್ತಿರುವ 38ರವರು, ಎಂಟು ತಿಂಗಳು ಚೆಂಡು ಮುಟ್ಟದ 32ರವರಿಗಿಂತ ಎಷ್ಟೋ ವಾಸಿ. ದೇಹ ಕೆಲಸಕ್ಕೆ ಒಗ್ಗಿರಬೇಕು. ಗಾಯ ಬರುವುದು ಹೆಚ್ಚಾಗಿ ಕೆಲಸ ಏಕಾಏಕಿ ಏರಿದಾಗ.

2. ನೆಟ್ಸ್‌ನಲ್ಲಿ ನೋಡಿ ತೀರ್ಮಾನಿಸಬೇಡಿ, ಪಂದ್ಯ ಆಡಿಸಿ. ಒಂದು ಅಭ್ಯಾಸ ಪಂದ್ಯ ಇಟ್ಟುಕೊಳ್ಳಿ. ಮೊದಲು ನಾಲ್ಕು ಓವರ್ ಹಾಕಿಸಿ. ಒಂದು ಗಂಟೆ ಫೀಲ್ಡಿಂಗ್‌ಗೆ ಬಿಡಿ. ಆಮೇಲೆ ಮತ್ತೆ ಎರಡು ಓವರ್ ಕೇಳಿ. ಆ ಎರಡು ಓವರನ್ನು ಕಣ್ಣಿಟ್ಟು ನೋಡಿ. ದಣಿದ ಬೌಲರ್‌ನ ಮುಂಗಾಲು ಬಗ್ಗುತ್ತದೆ, ಕೈ ಕೆಳಗಿನಿಂದ ಬರತೊಡಗುತ್ತದೆ, ಚೆಂಡು ಲೆಗ್ ಕಡೆಗೆ ಹೋಗುತ್ತದೆ, ಇಲ್ಲವೇ ಅರ್ಧ ಪಿಚ್‌ನಲ್ಲಿ ಬೀಳುತ್ತದೆ. ರನ್‌ಅಪ್‌ನ ಕೊನೆಯ ನಾಲ್ಕು ಹೆಜ್ಜೆ ಗಿಡ್ಡವಾಗಿ ನೋಬಾಲ್ ಶುರುವಾದರೆ ಕಾಲು ಸೋತಿದೆ ಎಂದೇ ಅರ್ಥ.

3. ಮರುದಿನ ಬೆಳಿಗ್ಗೆ ಹೋಗಿ ಮಾತಾಡಿಸಿ. ‘ಹೇಗಿದೀರ ಅಣ್ಣ’ ಎಂದು ಕೇಳಿದರೆ ‘ಫಸ್ಟ್ ಕ್ಲಾಸ್’ ಎಂದೇ ಹೇಳುತ್ತಾರೆ. ಅದನ್ನು ಕೇಳಿಕೊಳ್ಳಿ, ಜೊತೆಗೆ ಅವರು ಮೆಟ್ಟಿಲು ಇಳಿಯುವುದನ್ನೂ ನೋಡಿ. ಮೆಟ್ಟಿಲು ಹತ್ತುವಾಗ ಮುಚ್ಚಿಡಬಹುದಾದ ನೋವು ಇಳಿಯುವಾಗ ಬಯಲಾಗುತ್ತದೆ. ಕಂಬಿ ಹಿಡಿದು, ದೇಹ ಅಡ್ಡ ತಿರುಗಿಸಿ, ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಇಟ್ಟು ಇಳಿಯುತ್ತಿದ್ದರೆ ಆ ಮೊಣಕಾಲು ಅವತ್ತೇ ಇನ್ನೊಂದು ಪಂದ್ಯಕ್ಕೆ ಸಿದ್ಧವಿಲ್ಲ. ನಮ್ಮಲ್ಲಿ ಸೆಮಿಫೈನಲ್ ಶನಿವಾರ, ಫೈನಲ್ ಭಾನುವಾರ ಬರುವುದೇ ಹೆಚ್ಚು. ಹಾಗಾಗಿ ಈ ಪರೀಕ್ಷೆ ಬಿಡುವಂತಿಲ್ಲ.

4. ಯಾರ ಜಾಗಕ್ಕೆ ಬರುತ್ತಿದ್ದಾರೆ ಎಂದು ಹೆಸರಿಟ್ಟು ಹೇಳಿ. ‘ತಂಡಕ್ಕೆ ಬಲ ಬರುತ್ತದೆ’ ಎಂಬ ಮಾತಿನಿಂದ ಲೆಕ್ಕ ಹುಟ್ಟುವುದಿಲ್ಲ. ಈಗಿರುವ ಹುಡುಗ ಓವರಿಗೆ 8 ರನ್ ಕೊಡುತ್ತಾನೆ, ಹಿರಿಯರು 6 ಕೊಡುತ್ತಾರೆ ಎಂದಿಟ್ಟುಕೊಳ್ಳಿ. ನಾಲ್ಕು ಓವರಿಗೆ 8 ರನ್ ಉಳಿಯಿತು. ಫೀಲ್ಡಿಂಗ್‌ನಲ್ಲಿ ಹುಡುಗ ತಡೆಯುತ್ತಿದ್ದ ಎರಡು ಬೌಂಡರಿ ಹಿರಿಯರ ಪಕ್ಕದಲ್ಲಿ ಹೋದರೆ ಆ 8 ಅಲ್ಲೇ ಕರಗಿತು. ವಿಕೆಟ್ ತೆಗೆಯುವ ಶಕ್ತಿ, ಬ್ಯಾಟಿಂಗ್ ಎರಡನ್ನೂ ಕೂಡಿಸಿ ಕಳೆದು ನೋಡಿ. ಸ್ಕೋರ್ ಪುಸ್ತಕ ನಿಮ್ಮಲ್ಲೇ ಇರುತ್ತದೆ. ಒಂದು ಸಂಜೆ ಕೂತು ಕಳೆದ ವರ್ಷದ ಹತ್ತು ಪಂದ್ಯಗಳ ಲೆಕ್ಕ ತೆಗೆದರೆ ವಾದ ಅರ್ಧ ಕಡಿಮೆಯಾಗುತ್ತದೆ.

5. ನಿಯಮ ಓದಿ. ಲೀಗ್ ಆಡುವ ಕ್ಲಬ್ ಆದರೆ ಕೆಎಸ್‌ಸಿಎ ತುಮಕೂರು ವಲಯದಲ್ಲಿ ನೋಂದಣಿ, ವರ್ಗಾವಣೆ ಹೇಗೆ, ಕೊನೆಯ ದಿನ ಯಾವುದು ಎಂದು ಮೊದಲೇ ವಿಚಾರಿಸಿ. ಊರ ಟೂರ್ನಿಯಾದರೆ ಹೊರಗಿನ ಆಟಗಾರರು ಎಷ್ಟು ಮಂದಿ ಇರಬಹುದು ಎಂಬುದು ಕರಪತ್ರದ ಕೊನೆಯ ಸಾಲಿನಲ್ಲಿರುತ್ತದೆ. ಗೆದ್ದ ಮೇಲೆ ತಕರಾರು ಬಂದು ಕಪ್ ವಾಪಸ್ ಕೊಡುವುದಕ್ಕಿಂತ ಮೊದಲೇ ಕೇಳುವುದು ಮೇಲು.

ದುಡ್ಡಿನ ಮಾತು ಹೇಗೆ ಆಡಬೇಕು

ಇಡೀ ಸೀಸನ್‌ಗೆ ಒಟ್ಟು ಮೊತ್ತ ಮಾತಾಡಿ ಅರ್ಧ ಅಡ್ವಾನ್ಸ್ ಕೊಡುವುದು ನಮ್ಮಲ್ಲಿ ರೂಢಿ. ಹಿರಿಯ ವೇಗಿಯ ವಿಷಯದಲ್ಲಿ ಇದೇ ದೊಡ್ಡ ತಪ್ಪು. ಅವರು ಕೆಟ್ಟವರೆಂದಲ್ಲ. ಅವರ ಮೀನಖಂಡ ಎರಡನೇ ಪಂದ್ಯದಲ್ಲೇ ಹಿಡಿದುಕೊಳ್ಳಬಹುದು ಎಂಬ ಕಾರಣಕ್ಕೆ.

ದುಡ್ಡಿನ ರಾಶಿ ಇದ್ದವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 37ರ ಮ್ಯಾಕ್ಸ್ ಶರ್ಜರ್ ಎಂಬ ಪಿಚರ್ ಜೊತೆ ಮೂರು ವರ್ಷಕ್ಕೆ 13 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ 39ರ ಜಸ್ಟಿನ್ ವರ್ಲ್ಯಾಂಡರ್‌ಗೆ ಎರಡು ವರ್ಷಕ್ಕೆ 8.6 ಕೋಟಿ ಡಾಲರ್‌ಗೂ ಹೆಚ್ಚು. ಇಬ್ಬರೂ ಆ ಆಟದ ದೊಡ್ಡ ಹೆಸರುಗಳೇ. 2023ರ ಸೀಸನ್ ಮುಗಿಯುವ ಮೊದಲೇ ತಂಡ ಇಬ್ಬರನ್ನೂ ಬೇರೆ ಕಡೆ ಕಳಿಸಿತು, ಉಳಿದ ಸಂಬಳದ ದೊಡ್ಡ ಪಾಲನ್ನು ತಾನೇ ತುಂಬಿಕೊಟ್ಟಿತು. ಅಲ್ಲಿನ ತೊಂದರೆ ಆಟಗಾರರ ಆಯ್ಕೆಗಿಂತ ಹೆಚ್ಚಾಗಿ ಒಪ್ಪಂದದ ಅವಧಿಯದ್ದು.

ನಮ್ಮ ಮಟ್ಟಕ್ಕೆ ಹೀಗೆ ಮಾಡಿ. ಒಟ್ಟು ಮೊತ್ತವನ್ನು ಪಂದ್ಯಕ್ಕೆ ಇಷ್ಟು ಎಂದು ಒಡೆಯಿರಿ. ಉದಾಹರಣೆಗೆ ಎಂಟು ಪಂದ್ಯಕ್ಕೆ 20,000 ರೂಪಾಯಿ ಮನಸ್ಸಿನಲ್ಲಿದ್ದರೆ ಪಂದ್ಯಕ್ಕೆ 2,500. ಪೆಟ್ರೋಲ್ ಮತ್ತು ಊಟದ ಖರ್ಚು ಪ್ರತ್ಯೇಕ, ಅದನ್ನು ಅಂದಂದೇ ಕೊಟ್ಟುಬಿಡಿ. ಮೈದಾನದಲ್ಲಿ ಗಾಯವಾದರೆ ಆ ಪಂದ್ಯದ ಪೂರ್ತಿ ಹಣ ಮತ್ತು ಚಿಕಿತ್ಸೆಯ ಖರ್ಚಿನ ಎಷ್ಟು ಪಾಲು ಕ್ಲಬ್ಬಿನದು ಎಂದು ಮೊದಲೇ ಬರೆದಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ‘ಸರಿ’ ಎಂದು ಉತ್ತರ ತರಿಸಿಕೊಂಡರೂ ಆದೀತು. ನಾಲ್ಕು ಪಂದ್ಯ ಆದ ಮೇಲೆ ಇಬ್ಬರೂ ಕೂತು ಮುಂದುವರಿಸುವುದೋ ಬೇಡವೋ ನೋಡೋಣ ಎಂಬ ಮಾತೂ ಇರಲಿ. ಅವರಿಗೂ ಇದು ಒಳ್ಳೆಯದೇ. ನೋವು ನುಂಗಿಕೊಂಡು ಆಡಲೇಬೇಕಾದ ಋಣ ಅವರ ತಲೆಯ ಮೇಲೆ ಇರುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, ಬಂದ ದಿನವೇ ಹೊಸ ಚೆಂಡು ಅವರ ಕೈಗೆ ಕೊಟ್ಟು ಹುಡುಗನನ್ನು ಬೌಂಡರಿಗೆ ಕಳಿಸುವುದು. ಎರಡು ವರ್ಷದಿಂದ ನಿಮ್ಮ ಮೈದಾನದ ಕಲ್ಲು ಹೆಕ್ಕಿದವನು, ಮ್ಯಾಟ್ ಹೊತ್ತವನು ಅವನು. ಒಂದು ತುದಿಯಿಂದ ಅವನೇ ಶುರುಮಾಡಲಿ, ಇನ್ನೊಂದು ತುದಿಯಿಂದ ಅಣ್ಣ ಹಾಕಲಿ. ಮಿಡ್ ಆನ್‌ನಲ್ಲಿ ಹಿರಿಯರನ್ನು ನಿಲ್ಲಿಸಿ. ಎರಡು ಎಸೆತದ ನಡುವೆ ‘ಇವನಿಗೆ ಇನ್ನೊಂದು ಅಡಿ ಮುಂದೆ ಹಾಕೋ’ ಎಂಬ ಒಂದು ಮಾತು ಹುಡುಗನ ಕಿವಿಗೆ ಬಿದ್ದರೆ, ನೀವು ಕೊಟ್ಟ ದುಡ್ಡಿನ ಅರ್ಧ ಅಲ್ಲೇ ಬಂತು. ಅವರು ಹೋದ ಮೇಲೂ ಅದು ತಂಡದಲ್ಲಿ ಉಳಿಯುತ್ತದೆ. ಈ ಒಂದು ಕಾರಣಕ್ಕಾಗಿಯೇ ನಾನು ಇಂಥವರನ್ನು ಕರೆಸುವುದರ ಪರ.

ಎರಡನೆಯದು, ಚೆನ್ನಾಗಿ ಬೀಳುತ್ತಿದೆ ಎಂದು ಒಂದೇ ಸಮನೆ ಹಾಕಿಸುವುದು. ಮೂರು ಓವರ್ ಆದ ಮೇಲೆ ನಿಲ್ಲಿಸಲು ಕ್ಯಾಪ್ಟನ್‌ಗೆ ಎದೆಗಾರಿಕೆ ಬೇಕು, ಅದರಲ್ಲೂ ಕ್ಯಾಪ್ಟನ್ 22ರ ಹುಡುಗನಾಗಿ ಬೌಲರ್ ಹಿರಿಯರಾಗಿದ್ದಾಗ. ಹಾಗಾಗಿ ಎಷ್ಟು ಓವರಿನ ಎಷ್ಟು ಸ್ಪೆಲ್ ಎಂಬುದನ್ನು ಟಾಸ್‌ಗೆ ಮೊದಲೇ ಇಬ್ಬರೂ ಮಾತಾಡಿಕೊಳ್ಳಲಿ. ಮೈದಾನದ ಮಧ್ಯೆ ಆ ಮಾತು ಬರಕೂಡದು.

ಬಂದವರಿಗೆ ಗೌರವವೆಂದು ನಾಯಕತ್ವವನ್ನೂ ಕೊಟ್ಟುಬಿಡುವುದು ಇನ್ನೊಂದು. ಕ್ಯಾಪ್ಟನ್ ಆದವರು ಕಷ್ಟದ ಹೊತ್ತಿಗೆ ತಾವೇ ಚೆಂಡು ಹಿಡಿಯುತ್ತಾರೆ, ನೋವಾದಾಗ ತಮ್ಮನ್ನೇ ಹೊರಗಿಡಲಾರರು.

ಮತ್ತೊಂದು, ಒಬ್ಬರು ಫಲಿಸಿದರೆಂದು ಮುಂದಿನ ವರ್ಷ ಮೂವರನ್ನು ಕರೆಸುವುದು. ಒಂದು ತಂಡಕ್ಕೆ ಇಂಥ ವೇಗಿ ಒಬ್ಬರೇ ಸಾಕು. ಇಬ್ಬರಾದರೆ ಫೀಲ್ಡಿಂಗ್‌ನಲ್ಲಿ ಬಚ್ಚಿಡಲು ಜಾಗ ಸಾಲದು, ಹುಡುಗರಿಗೆ ಆಡಲು ಸಿಗದು.

ಪಂದ್ಯದ ದಿನದ ಎಚ್ಚರಿಕೆಗಳು

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿ.ಮೀ., ಗುಬ್ಬಿ ಅಲ್ಲಿಂದ ಇನ್ನೂ 20 ಕಿ.ಮೀ. ಆಚೆ, ಕುಣಿಗಲ್ಲಿಗೂ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ನೆಲಮಂಗಲದ ಟ್ರಾಫಿಕ್ ದಾಟಿ ಎರಡು ಗಂಟೆ ಕಾರಿನ ಸೀಟಿನಲ್ಲಿ ಕಾಲು ಮಡಚಿ ಕೂತವರ ಸೊಂಟ, ತೊಡೆಯ ಹಿಂಭಾಗ ಎರಡೂ ಬಿಗಿದಿರುತ್ತವೆ. ಇಳಿದ ಹತ್ತು ನಿಮಿಷಕ್ಕೆ ಚೆಂಡು ಕೊಟ್ಟರೆ ಸ್ನಾಯು ಹರಿಯುವುದು ಆಗಲೇ. ಪಂದ್ಯಕ್ಕೆ ಮುಕ್ಕಾಲು ಗಂಟೆ ಮೊದಲು ಮೈದಾನದಲ್ಲಿರಬೇಕು ಎಂಬುದು ಒಪ್ಪಂದದಲ್ಲೇ ಇರಲಿ. ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ಅರ್ಧ ರನ್‌ಅಪ್‌ನಲ್ಲಿ ಏಳೆಂಟು ಎಸೆತ, ಕೊನೆಗೆ ಪೂರ್ತಿ ರನ್‌ಅಪ್‌ನಲ್ಲಿ ಐದಾರು. ಟಾಸ್ ಸೋತು ಮೊದಲು ಬ್ಯಾಟಿಂಗ್ ಬಂದು ಒಂದೂವರೆ ಗಂಟೆ ಶಾಮಿಯಾನದಲ್ಲಿ ಕೂತರೆ ಇದೆಲ್ಲ ಮತ್ತೆ ಮೊದಲಿನಿಂದ.

ಓವರ್‌ಗಳ ಮಿತಿಗೆ ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಕಳೆದ ನಾಲ್ಕು ವಾರ ನೆಟ್ಸ್ ಸೇರಿಸಿ ವಾರಕ್ಕೆ ಸರಾಸರಿ 12 ಓವರ್ ಹಾಕಿದ್ದರೆ ಈ ವಾರ 15ರವರೆಗೆ ಹೋಗಬಹುದು. 18 ದಾಟಿದರೆ, ಅಂದರೆ ಒಂದೂವರೆ ಪಟ್ಟು ಮೀರಿದರೆ, ಅಪಾಯ. ಫೈನಲ್ ಆದರೂ ಈ ಲೆಕ್ಕ ಬದಲಾಗುವುದಿಲ್ಲ.

ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನದ ಬಿಸಿಲು ಹಿರಿಯರನ್ನು ಬೇಗ ಬಳಲಿಸುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ಎಳನೀರು, ಓಆರ್‌ಎಸ್ ಯಾವುದಾದರೂ ಸರಿ, ಬಾಯಾರುವ ಮೊದಲೇ ಕುಡಿಯಲಿ. ನೋವಿನ ಮಾತ್ರೆ ನುಂಗಿ ಚೆಂಡು ಹಿಡಿಯಲು ಬಿಡಬೇಡಿ. ನೋವು ಮರೆತ ಸ್ನಾಯು ಪೂರ್ತಿ ಹರಿಯುವತನಕ ಹೇಳುವುದಿಲ್ಲ, ಬೆವರಿ ಬಸವಳಿದ ದೇಹದಲ್ಲಿ ಕೆಲವು ಮಾತ್ರೆ ಮೂತ್ರಪಿಂಡಕ್ಕೂ ಕೇಡು.

ಇನ್ನೊಂದು ಗಂಭೀರ ಮಾತು. ಬಿಡುವಿನ ನಂತರ ಮತ್ತೆ ಆಟಕ್ಕೆ ಇಳಿಯುವ 35 ದಾಟಿದವರು ಬಿ.ಪಿ., ಸಕ್ಕರೆ, ಇಸಿಜಿ ಒಮ್ಮೆ ನೋಡಿಸಿಕೊಂಡು ಬರಲಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆಗಿದ್ದರೆ ಇದು ಕಡ್ಡಾಯ ಎಂದೇ ತಿಳಿಯಿರಿ. ಬೌಲಿಂಗ್ ಮಾಡುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು ಕಂಡರೆ ಆಟ ಅಲ್ಲಿಗೇ ನಿಲ್ಲಲಿ, ಗಾಡಿ ನೇರ ಆಸ್ಪತ್ರೆಗೆ ಹೋಗಲಿ. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಸಿ ಕೂರಿಸಬೇಡಿ. ಮೈದಾನದ ಬಳಿ ಒಂದು ವಾಹನ ಸದಾ ಸಿದ್ಧವಿರಲಿ, 108 ಎಲ್ಲರ ಫೋನಿನಲ್ಲೂ ಇರಲಿ.

ಬೇಡ ಎನ್ನಬೇಕಾದಾಗ

ಆರು ತಿಂಗಳಿಗಿಂತ ಹೆಚ್ಚು ಚೆಂಡು ಬಿಟ್ಟಿದ್ದು ಟೂರ್ನಿಗೆ ಎರಡೇ ವಾರ ಇದ್ದರೆ, ಅಭ್ಯಾಸ ಪಂದ್ಯ ಆಡಲು ಒಪ್ಪದಿದ್ದರೆ, ಪೂರ್ತಿ ಹಣ ಮುಂಗಡವಾಗಿ ಬೇಕೆಂದು ಪಟ್ಟು ಹಿಡಿದರೆ, ಹೆಸರು ಎಷ್ಟೇ ದೊಡ್ಡದಿರಲಿ ಬೇಡ ಎನ್ನಿ. ನಿಮ್ಮಲ್ಲೇ 19–20ರ ಇಬ್ಬರು ವೇಗಿಗಳು ಚೆನ್ನಾಗಿ ಹಾಕುತ್ತಿದ್ದು ಅವರಿಗೆ ಅವಕಾಶ ಬೇಕಾಗಿದ್ದರೂ ಬೇಡವೇ.

ಹೇಳುವ ರೀತಿ ಮಾತ್ರ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಬೇಡಿ, ಮೂರನೆಯವರ ಮೂಲಕವೂ ಬೇಡ. ಕಾರ್ಯದರ್ಶಿಯೇ ಫೋನ್ ಮಾಡಿ, ಸಾಧ್ಯವಾದರೆ ಮನೆಗೆ ಹೋಗಿ, ‘ಅಣ್ಣ, ಈ ವರ್ಷ ಹುಡುಗರನ್ನು ಆಡಿಸೋಣ ಅಂತ ಇದ್ದೀವಿ. ವಾರಕ್ಕೆ ಎರಡು ಸಂಜೆ ಬಂದು ಅವರಿಗೆ ಹೇಳಿಕೊಡ್ತೀರಾ?’ ಎಂದು ಕೇಳಲಿ. ಹಾಗೆ ಕರೆದರೆ ಆ ಸಂಜೆಗಳಿಗೂ ಇಷ್ಟು ಎಂದು ಸಂಭಾವನೆ ಗೊತ್ತುಮಾಡಿ, ತಿಂಗಳ ಕೊನೆಗೆ ತಪ್ಪದೆ ತಲುಪಿಸಿ. ಕಲಿಸುವ ಸಂಜೆಗಳಲ್ಲಿ ಅವರೂ ನಾಲ್ಕೈದು ಓವರ್ ಹಾಕುತ್ತಾ ಹೋಗಲಿ. ಎರಡು ತಿಂಗಳು ಹಾಗೆ ನಡೆದರೆ ದೇಹ ಮತ್ತೆ ಕೆಲಸಕ್ಕೆ ಒಗ್ಗಿರುತ್ತದೆ, ಮುಂದಿನ ಟೂರ್ನಿಗೆ ಹೆಸರು ಬರೆಯುವಾಗ ಮೇಲಿನ ಐದು ಅಂಶಗಳಲ್ಲಿ ಮೊದಲನೆಯದಕ್ಕೆ ಉತ್ತರ ನಿಮ್ಮ ನೆಟ್ಸ್‌ನ ಪುಸ್ತಕದಲ್ಲೇ ಸಿಗುತ್ತದೆ.